ಆಟದ ಲೆಕ್ಕ ಬೇರೆ, ಬೆಲೆಯ ಲೆಕ್ಕ ಬೇರೆ

2019ರ ಮಾರ್ಚ್ 31, ಆ್ಯನ್‌ಫೀಲ್ಡ್ ಮೈದಾನ. ಲಿವರ್‌ಪೂಲ್ ಮತ್ತು ಟಾಟನ್‌ಹ್ಯಾಮ್ 1–1ರಲ್ಲಿ ಸಮ ಮಾಡಿಕೊಂಡಿವೆ, ಆಟ ಮುಗಿಯಲು ಕೆಲವೇ ನಿಮಿಷ. ಟಾಟನ್‌ಹ್ಯಾಮ್‌ನ ಮೂಸಾ ಸಿಸ್ಸೊಕೊ ಚೆಂಡು ತಳ್ಳಿಕೊಂಡು ನುಗ್ಗುತ್ತಾರೆ, ಪಕ್ಕದಲ್ಲೇ ಸನ್ ಹ್ಯೂಂಗ್-ಮಿನ್ ಓಡುತ್ತಿದ್ದಾರೆ. ಇಬ್ಬರಿಗೂ ಎದುರಾಗಿ ಉಳಿದಿರುವ ಡಿಫೆಂಡರ್ ವರ್ಜಿಲ್ ವ್ಯಾನ್ ಡೈಕ್ ಒಬ್ಬರೇ. ಅವರು ಚೆಂಡಿನ ಮೇಲೆ ಬೀಳಲಿಲ್ಲ. ಇಬ್ಬರ ನಡುವಿನ ದಾರಿಯಲ್ಲೇ ಹಿಂದೆ ಹಿಂದೆ ಸರಿಯುತ್ತಾ ಸನ್‌ಗೆ ಪಾಸ್ ಹೋಗದಂತೆ ನೋಡಿಕೊಂಡರು. ಸಿಸ್ಸೊಕೊ ಎಡಗಾಲಿನಿಂದ ತಾವೇ ಹೊಡೆಯಬೇಕಾಯಿತು. ಚೆಂಡು ಗೋಲುಪಟ್ಟಿಯ ಮೇಲಿಂದ ಹಾರಿಹೋಯಿತು. ಕೊನೆಯ ಗಳಿಗೆಯಲ್ಲಿ ಟಾಟನ್‌ಹ್ಯಾಮ್‌ನವರದೇ ಸ್ವಂತ ಗೋಲಿನಿಂದ ಲಿವರ್‌ಪೂಲ್ 2–1ರಲ್ಲಿ ಗೆದ್ದಿತು.

ಚೆಂಡು ಮುಟ್ಟಿದವರ ಹೆಸರನ್ನಷ್ಟೇ ಬರೆದುಕೊಳ್ಳುವ ಸಾಮಾನ್ಯ ದಾಖಲೆಯಲ್ಲಿ ಈ ಪ್ರಸಂಗಕ್ಕೆ ಸಿಗುವುದು ಒಂದೇ ಸಾಲು: ಸಿಸ್ಸೊಕೊ, ಎಡಗಾಲಿನ ಹೊಡೆತ, ಗುರಿ ತಪ್ಪಿತು. ವ್ಯಾನ್ ಡೈಕ್ ಹೆಸರಿಗೆ ಟ್ಯಾಕಲ್ ಇಲ್ಲ, ಚೆಂಡು ತಡೆದ ಗುರುತೂ ಇಲ್ಲ. ಆ ಪಂದ್ಯದ ಅತ್ಯುತ್ತಮ ರಕ್ಷಣೆ ದಾಖಲೆಯಲ್ಲಿ ಎದುರಾಳಿಯ ವೈಫಲ್ಯವಾಗಿ ಉಳಿಯಿತು. ಡೇಟಾ ಇಟ್ಟುಕೊಂಡು ಆಟಗಾರರನ್ನು ಅಳೆಯುವ ಪದ್ಧತಿಯನ್ನು ತೂಗಿ ನೋಡುವವರು ಇಂಥ ಗಳಿಗೆಗಳಿಂದಲೇ ಶುರುಮಾಡಬೇಕು. ಹಾಗೆಂದು ಇಲ್ಲಿಗೇ ನಿಂತು ಇಡೀ ಪದ್ಧತಿಯನ್ನು ತಳ್ಳಿಹಾಕಿದರೆ ಅದು ಸೋಮಾರಿತನವಾದೀತು. ಈ ಪದ್ಧತಿ ಕಲಿತದ್ದು ಬಹಳ, ಮತ್ತು ಅದರ ಮೊದಲ ಪಾಠ ಒಂದು ದೊಡ್ಡ ತಪ್ಪಿನಿಂದಲೇ ಬಂತು.

ಆ ತಪ್ಪು ಚಾರ್ಲ್ಸ್ ರೀಪ್ ಅವರದು. ಬ್ರಿಟಿಷ್ ವಾಯುಪಡೆಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ ಈ ಅಧಿಕಾರಿ 1950ರ ಮಾರ್ಚ್‌ನಲ್ಲಿ ಸ್ವಿಂಡನ್ ತಂಡದ ಪಂದ್ಯ ನೋಡುತ್ತಾ ಪೆನ್ಸಿಲ್ ಹಿಡಿದು ಪ್ರತಿ ದಾಳಿಯನ್ನೂ ಗುರುತು ಹಾಕಿಕೊಳ್ಳತೊಡಗಿದರು. ಮುಂದೆ ವರ್ಷಗಟ್ಟಲೆ ಅದೇ ಕೆಲಸ. 1968ರಲ್ಲಿ ಸಂಖ್ಯಾಶಾಸ್ತ್ರಜ್ಞ ಬರ್ನಾರ್ಡ್ ಬೆಂಜಮಿನ್ ಜೊತೆ ಪ್ರಬಂಧವನ್ನೂ ಪ್ರಕಟಿಸಿದರು. ಹೆಚ್ಚಿನ ಗೋಲುಗಳು ಮೂರು ಅಥವಾ ಅದಕ್ಕಿಂತ ಕಡಿಮೆ ಪಾಸ್‌ಗಳಲ್ಲಿ ಬರುತ್ತವೆ ಎಂಬುದನ್ನು ರೀಪ್ ಎಣಿಸಿ ತೋರಿಸಿದ್ದರು. ಹಾಗಿದ್ದರೆ ಪಾಸ್ ಮಾಡುತ್ತಾ ಕೂರುವುದೇಕೆ, ಚೆಂಡನ್ನು ನೇರ ಮುಂದಕ್ಕೆ ಹೊಡೆಯಿರಿ ಎಂಬುದು ಅವರ ತೀರ್ಮಾನ. ಎಣಿಕೆಯೇನೋ ಸರಿಯಾಗಿತ್ತು. ಆದರೆ ಫುಟ್‌ಬಾಲ್‌ನಲ್ಲಿ ಬಹುಪಾಲು ದಾಳಿಗಳು ಮೂರು ಪಾಸ್ ದಾಟುವ ಮೊದಲೇ ಮುರಿದುಬೀಳುತ್ತವೆ. ಅಂಥ ದಾಳಿಗಳೇ ಹೆಚ್ಚಿದ್ದಾಗ ಗೋಲುಗಳೂ ಅಲ್ಲೇ ಹೆಚ್ಚು ಕಾಣುತ್ತವೆ. ಕೇಳಬೇಕಿದ್ದ ಪ್ರಶ್ನೆ ಬೇರೆ: ಉದ್ದನೆಯ ದಾಳಿ ಸಾಧ್ಯವಾದಾಗ ಗೋಲಾಗುವ ಸಂಭವ ಎಷ್ಟು? ಇಂಗ್ಲಿಷ್ ಫುಟ್‌ಬಾಲ್‌ನ ಒಂದು ದೊಡ್ಡ ಧಾರೆ ದಶಕಗಳ ಕಾಲ ಉದ್ದ ಹೊಡೆತದ ಆಟಕ್ಕೆ ಅಂಟಿಕೊಂಡಿದ್ದಕ್ಕೆ ಈ ಲೆಕ್ಕವೂ ಒಂದು ಆಸರೆಯಾಯಿತು.

ಇಂದಿನ ವಿಶ್ಲೇಷಕರು ರೀಪ್ ಅವರ ಈ ತಪ್ಪನ್ನು ಮಾಡುವುದಿಲ್ಲ. ಕಳೆದ ದಶಕದಲ್ಲಿ ಮನೆಮಾತಾದ ಎಕ್ಸ್‌ಪೆಕ್ಟೆಡ್ ಗೋಲ್ಸ್, ಅಂದರೆ ಎಕ್ಸ್‌ಜಿ, ಅದಕ್ಕೆ ಸಾಕ್ಷಿ. ಹೊಡೆತ ಎಲ್ಲಿಂದ ಬಂತು, ಗೋಲಿಗೆ ಯಾವ ಕೋನದಲ್ಲಿತ್ತು, ಕಾಲಿನದೋ ತಲೆಯದೋ, ಅದಕ್ಕೆ ಮುಂಚಿನ ಪಾಸ್ ಎಂಥದ್ದು ಎಂಬುದನ್ನೆಲ್ಲ ನೋಡಿ, ಹಿಂದಿನ ಸಾವಿರಾರು ಹೊಡೆತಗಳ ಆಧಾರದ ಮೇಲೆ ಆ ಹೊಡೆತ ಗೋಲಾಗುವ ಸಂಭವಕ್ಕೆ ಸೊನ್ನೆಯಿಂದ ಒಂದರ ನಡುವೆ ಒಂದು ಅಂಕಿ ಕೊಡುತ್ತಾರೆ. ಪೆನಾಲ್ಟಿಗೆ ಸುಮಾರು 0.76ರಿಂದ 0.79. ದೂರದಿಂದ ಬೀಸಿ ಹೊಡೆದದ್ದಕ್ಕೆ ಒಮ್ಮೊಮ್ಮೆ 0.03ರಷ್ಟೂ ಸಿಗದು. ನನಗೆ ಈ ಅಳತೆಯ ಮೇಲೆ ಗೌರವವಿದೆ. ಗೋಲು ಹೊಡೆದವನನ್ನು ಹೊಗಳಿ, ಹೊಡೆಯದವನನ್ನು ಬೈದು ಸುಮ್ಮನಾಗುತ್ತಿದ್ದ ಕಾಲದಲ್ಲಿ ಇದು ಅದೃಷ್ಟವನ್ನೂ ಆಟವನ್ನೂ ಬಿಡಿಸಿ ನೋಡುವ ದಾರಿ ತೋರಿಸಿತು. ಒಳ್ಳೆಯ ಜಾಗಕ್ಕೆ ಮತ್ತೆ ಮತ್ತೆ ತಲುಪುತ್ತಿರುವ ಸ್ಟ್ರೈಕರ್‌ಗೆ ನಾಲ್ಕು ಪಂದ್ಯ ಗೋಲು ಬರದಿದ್ದರೆ ಅವನನ್ನು ಬೆಂಚಿನಲ್ಲಿ ಕೂರಿಸಬೇಡಿ ಎಂದು ಕೋಚ್‌ಗೆ ಹೇಳಲು ಇಂದು ಆಧಾರವಿದೆ.

ಈ ಬಗೆಯ ತಿಳಿವಿನ ಮೇಲೇ ಬ್ರೆಂಟ್‌ಫರ್ಡ್ ಎಂಬ ಸಣ್ಣ ಲಂಡನ್ ಕ್ಲಬ್ ಎದ್ದು ನಿಂತಿತು. ಮಾಲೀಕ ಮ್ಯಾಥ್ಯೂ ಬೆನ್‌ಹ್ಯಾಮ್ ಬೆಟ್ಟಿಂಗ್‌ಗೆ ಬೇಕಾದ ಅಂಕಿಅಂಶಗಳ ವ್ಯವಹಾರದಿಂದ ಬಂದವರು. ನಾಲ್ಕನೇ ದರ್ಜೆಯ ಎಕ್ಸಟರ್ ತಂಡದಿಂದ ಆಲಿ ವಾಟ್ಕಿನ್ಸ್ ಅವರನ್ನು 2017ರಲ್ಲಿ ಸುಮಾರು 18 ಲಕ್ಷ ಪೌಂಡ್‌ಗೆ ತಂದು, ಮೂರು ವರ್ಷದ ನಂತರ 2.8 ಕೋಟಿ ಪೌಂಡ್‌ಗೆ ಆ್ಯಸ್ಟನ್ ವಿಲ್ಲಾಕ್ಕೆ ಕೊಟ್ಟರು. 2021ರಲ್ಲಿ ಕ್ಲಬ್ 74 ವರ್ಷಗಳ ಬಳಿಕ ಇಂಗ್ಲೆಂಡಿನ ಮೊದಲ ದರ್ಜೆಗೆ ಮರಳಿತು. ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಇಯಾನ್ ಗ್ರಹಾಂ ಲಿವರ್‌ಪೂಲ್‌ನಲ್ಲಿ ನಡೆಸುತ್ತಿದ್ದ ಸಂಶೋಧನಾ ವಿಭಾಗ, ಚೆಲ್ಸಿಯಲ್ಲಿ ಅವಕಾಶ ಸಿಗದೆ ಹೊರಬಿದ್ದಿದ್ದ ಮೊಹಮದ್ ಸಲಾ ಅವರ ಪರ ಪಟ್ಟು ಹಿಡಿಯಿತು. 2017ರಲ್ಲಿ ರೋಮಾದಿಂದ ಸುಮಾರು 3.7 ಕೋಟಿ ಪೌಂಡ್‌ಗೆ ಬಂದ ಸಲಾ ಮೊದಲ ಋತುವಿನಲ್ಲೇ ಲೀಗ್‌ನಲ್ಲಿ 32 ಗೋಲು ಹೊಡೆದರು. ‘ಇಂಗ್ಲೆಂಡಿನಲ್ಲಿ ಸೋತವನು’ ಎಂಬ ಹಣೆಪಟ್ಟಿಯನ್ನು ನಂಬಿದ್ದವರ ಎದುರು ಅಂಕಿಗಳು ಗೆದ್ದವು.

ಸಲಾ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅದೇ ವಿಭಾಗ ಅಷ್ಟೇ ಉತ್ಸಾಹದಿಂದ ಬೆಂಬಲಿಸಿದ ನಾಬಿ ಕೇಯ್ಟಾ ಅವರ ಕಥೆಯನ್ನೂ ಹೇಳಬೇಕು. 5 ಕೋಟಿ ಪೌಂಡ್‌ಗೂ ಮೀರಿದ ಹಣಕ್ಕೆ 2018ರಲ್ಲಿ ಬಂದ ಕೇಯ್ಟಾ ಗಾಯಗಳ ಮೇಲೆ ಗಾಯ ಅನುಭವಿಸಿ, 2023ರಲ್ಲಿ ಒಪ್ಪಂದ ಮುಗಿದು ಹೊರಟರು. ಅವರ ಆಟದ ಬಗ್ಗೆ ಅಂಕಿಗಳು ಸುಳ್ಳು ಹೇಳಿರಲಿಲ್ಲ. ಅವರ ದೇಹ ಆ ಆಟವನ್ನು ಎಷ್ಟು ದಿನ ತಾಳಿಕೊಳ್ಳುತ್ತದೆ ಎಂಬುದು ಆ ಅಂಕಿಗಳಲ್ಲಿ ಇರಲಿಲ್ಲ. ಇನ್ನು ವಿನ್ಸೆಂಟ್ ಯಾನ್ಸೆನ್: 2015–16ರಲ್ಲಿ ಡಚ್ ಲೀಗ್‌ನಲ್ಲಿ 27 ಗೋಲು, ಮರುವರ್ಷ ಟಾಟನ್‌ಹ್ಯಾಮ್‌ಗೆ ಲೀಗ್‌ನಲ್ಲಿ ಎರಡು. ಒಂದು ಲೀಗ್‌ನ ಗೋಲು ಇನ್ನೊಂದರಲ್ಲಿ ಅದೇ ತೂಕದ್ದಲ್ಲ. ಆ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿಯುವುದು ವಿಶ್ಲೇಷಕರ ಅತ್ಯಂತ ಕಷ್ಟದ ಕೆಲಸಗಳಲ್ಲಿ ಒಂದು.

ಇಷ್ಟರವರೆಗಿನದು ಆಟದ ಲೆಕ್ಕ. ತಪ್ಪಿದರೂ ತಿದ್ದಿಕೊಳ್ಳಬಹುದು, ಏಕೆಂದರೆ ಮುಂದಿನ ಪಂದ್ಯ ಉತ್ತರ ಹೇಳುತ್ತದೆ. ನನ್ನ ತಕರಾರು ಇರುವುದು ಬೆಲೆಯ ಲೆಕ್ಕದ ಬಗ್ಗೆ.

ಆಟಗಾರರ ‘ಮಾರುಕಟ್ಟೆ ಮೌಲ್ಯ’ ಎಂದು ಪತ್ರಿಕೆಗಳು, ಟಿವಿ ಚರ್ಚೆಗಳು ಬಳಸುವ ಅಂಕಿ ಬಹುತೇಕ ಜರ್ಮನಿಯ ಟ್ರಾನ್ಸ್‌ಫರ್‌ಮಾರ್ಕ್ಟ್ ತಾಣದಿಂದ ಬರುತ್ತದೆ. 2000ದಲ್ಲಿ ಶುರುವಾದ ಈ ತಾಣದಲ್ಲಿ ಬೆಲೆ ಕಟ್ಟುವುದು ಯಾವ ಸೂತ್ರವೂ ಅಲ್ಲ. ಫುಟ್‌ಬಾಲ್ ಬಲ್ಲ ಸದಸ್ಯರು ಚರ್ಚಿಸುತ್ತಾರೆ, ಜವಾಬ್ದಾರಿ ಹೊತ್ತವರು ಆ ಚರ್ಚೆಯನ್ನು ತೂಗಿ ಒಂದು ಮೊತ್ತ ನಿಗದಿ ಮಾಡುತ್ತಾರೆ. ಬಹಳ ಜನರ ತಿಳಿವಳಿಕೆ ಅದರಲ್ಲಿ ಸೇರಿರುವುದರಿಂದ ಆ ಮೊತ್ತ ನಿಜವಾದ ವ್ಯವಹಾರಕ್ಕೆ ಅನೇಕ ಸಲ ಹತ್ತಿರವೇ ಬರುತ್ತದೆ. ಅಷ್ಟರ ಮಟ್ಟಿಗೆ ಅದು ಪ್ರಾಮಾಣಿಕ ಕೆಲಸ. ತೊಂದರೆ ಶುರುವಾಗುವುದು ಮುಂದಿನ ಹಂತದಲ್ಲಿ. ಡೇಟಾ ಸೈನ್ಸ್ ಕಲಿಯುವವರು ಈ ಮೊತ್ತವನ್ನೇ ‘ಸರಿ ಉತ್ತರ’ ಎಂದಿಟ್ಟುಕೊಂಡು, ವಯಸ್ಸು, ಗೋಲು, ಪಾಸ್, ಜೊತೆಗೆ ಫುಟ್‌ಬಾಲ್ ವಿಡಿಯೊ ಗೇಮ್‌ನಲ್ಲಿ ಆಟಗಾರನಿಗೆ ಸಿಕ್ಕ ಅಂಕಗಳನ್ನು ಸೇರಿಸಿ ಯಂತ್ರಕ್ಕೆ ಕಲಿಸುತ್ತಾರೆ. ಯಂತ್ರ ಚೆನ್ನಾಗಿಯೇ ಊಹಿಸುತ್ತದೆ. ಊಹಿಸದೆ ಏನು ಮಾಡೀತು? ಗೇಮ್‌ನ ಅಂಕವೂ ನೋಡುಗರ ಅಭಿಪ್ರಾಯ, ತಾಣದ ಮೊತ್ತವೂ ನೋಡುಗರ ಅಭಿಪ್ರಾಯ. ಒಂದು ಅಭಿಪ್ರಾಯದಿಂದ ಇನ್ನೊಂದು ಅಭಿಪ್ರಾಯವನ್ನು ಹೇಳಿ ಅದನ್ನು ಆಟಗಾರನ ಸಾಮರ್ಥ್ಯದ ಅಳತೆ ಎಂದು ಕರೆಯುವುದು ಕನ್ನಡಿಗೆ ಕನ್ನಡಿ ಹಿಡಿದಂತೆ. ಹೆಸರುವಾಸಿ ಕ್ಲಬ್‌ನವನಿಗೆ ಜನ ಹೆಚ್ಚು ಬೆಲೆ ಕಟ್ಟಿದ್ದರೆ, ಯಂತ್ರ ಆ ಪಕ್ಷಪಾತವನ್ನೂ ಕಲಿತು ದಶಾಂಶ ಬಿಂದುಗಳೊಂದಿಗೆ ಮರಳಿ ಕೊಡುತ್ತದೆ.

ಬೆಲೆ ಹುಟ್ಟುವುದು ಮೈದಾನದಲ್ಲಿ ಮಾತ್ರವಲ್ಲ. 1995ರ ಬೋಸ್ಮನ್ ತೀರ್ಪಿನ ನಂತರ ಯುರೋಪಿನಲ್ಲಿ ಒಪ್ಪಂದ ಮುಗಿದ ಆಟಗಾರ ಶುಲ್ಕವಿಲ್ಲದೆ ಬೇರೆ ಕ್ಲಬ್ ಸೇರಬಹುದು. ಕಿಲಿಯಾನ್ ಎಂಬಾಪೆ 2024ರಲ್ಲಿ ಪಿಎಸ್‌ಜಿ ಬಿಟ್ಟು ರಿಯಲ್ ಮ್ಯಾಡ್ರಿಡ್ ಸೇರಿದಾಗ ಟ್ರಾನ್ಸ್‌ಫರ್‌ಮಾರ್ಕ್ಟ್ ಅವರಿಗೆ ಕಟ್ಟಿದ್ದ ಬೆಲೆ 18 ಕೋಟಿ ಯೂರೊ. ಪಿಎಸ್‌ಜಿ ಕೈಗೆ ಬಂದ ಟ್ರಾನ್ಸ್‌ಫರ್ ಶುಲ್ಕ ಸೊನ್ನೆ. ಎಂಬಾಪೆಯ ಓಟವಾಗಲಿ, ಗೋಲು ಹೊಡೆಯುವ ಕಲೆಯಾಗಲಿ ಆ ವಾರ ಕುಂದಿರಲಿಲ್ಲ, ಒಪ್ಪಂದದ ದಿನಾಂಕ ದಾಟಿತ್ತು ಅಷ್ಟೆ. 2017ರಲ್ಲಿ ನೇಯ್ಮಾರ್‌ಗೆ ಪಿಎಸ್‌ಜಿ ಕೊಟ್ಟ 22.2 ಕೋಟಿ ಯೂರೊ ಕೂಡ ಬಾರ್ಸಿಲೋನಾ ಒಪ್ಪಂದದಲ್ಲಿ ಬರೆದಿದ್ದ ಬಿಡುಗಡೆ ಮೊತ್ತ. ಒಪ್ಪಂದದಲ್ಲಿ ಎಷ್ಟು ವರ್ಷ ಬಾಕಿ, ಕೊಳ್ಳುವವನಿಗೆ ಎಷ್ಟು ಅವಸರ, ಮಾರುವವನಿಗೆ ಎಷ್ಟು ಸಾಲ ಎಂಬುದನ್ನು ಬಿಟ್ಟು ಪಾಸ್‌ಗಳನ್ನು ಎಣಿಸಿ ಬೆಲೆ ಹೇಳಹೊರಟರೆ ಸಿಗುವ ಅಂಕಿ ಎಷ್ಟೇ ನಿಖರವಾಗಿ ಕಂಡರೂ ಅದನ್ನು ನಂಬುವಂತಿಲ್ಲ. ಕನಿಷ್ಠ ಪಕ್ಷ ಒಂದೇ ಮೊತ್ತದ ಬದಲು ‘ಇಷ್ಟರಿಂದ ಇಷ್ಟರವರೆಗೆ’ ಎಂದು ಹೇಳುವ ಶಿಸ್ತನ್ನಾದರೂ ಈ ಕೆಲಸ ಮಾಡುವವರು ಪಾಲಿಸಬೇಕು.

ವ್ಯಾನ್ ಡೈಕ್ ಅವರ ಆ ಹಿಮ್ಮುಖ ಹೆಜ್ಜೆಗಳನ್ನು ಅಳೆಯುವ ಸಾಧನ ಇಂದು ಇಲ್ಲದಿಲ್ಲ. ಮೈದಾನದ ಸುತ್ತಲಿನ ಕ್ಯಾಮೆರಾಗಳು ಸೆಕೆಂಡಿಗೆ 25 ಸಲ 22 ಆಟಗಾರರೂ ಚೆಂಡೂ ಎಲ್ಲಿವೆ ಎಂದು ಗುರುತಿಸುತ್ತವೆ. ಕಣಭೌತವಿಜ್ಞಾನದಿಂದ ಫುಟ್‌ಬಾಲ್‌ಗೆ ಬಂದ ವಿಲಿಯಂ ಸ್ಪಿಯರ್‌ಮನ್, ಮೈದಾನದ ಯಾವ ಜಾಗ ಯಾವ ಗಳಿಗೆಯಲ್ಲಿ ಯಾರ ಹಿಡಿತದಲ್ಲಿದೆ ಎಂದು ಲೆಕ್ಕಹಾಕುವ ಮಾದರಿ ಕಟ್ಟಿದರು. ಚೆಂಡು ಮುಟ್ಟದವನ ಆಟಕ್ಕೂ ಇಲ್ಲಿ ಕೊನೆಗೂ ಲೆಕ್ಕ ಸಿಗುತ್ತದೆ. ಆದರೆ ಈ ದಾಖಲೆ ದುಬಾರಿ, ಬಹುಪಾಲು ಕ್ಲಬ್‌ಗಳ ಬೀಗದೊಳಗೇ ಇರುತ್ತದೆ. ಸ್ಟ್ಯಾಟ್ಸ್‌ಬಾಂಬ್ ಕಂಪನಿ ಮೆಸ್ಸಿಯ ಬಾರ್ಸಿಲೋನಾ ಪಂದ್ಯಗಳ ವಿವರವನ್ನು ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿದ್ದರಿಂದ ಎಷ್ಟೋ ಹೊಸಬರು ಕಲಿತರು. ಅಂಥ ಉದಾರತೆ ಇನ್ನಷ್ಟು ಬೇಕು.

ಅದಕ್ಕಿಂತ ಮುಖ್ಯವಾಗಿ, ಈ ದಾಖಲೆ ಆಟಗಾರನ ಕೈಗೆ ಸಿಗಬೇಕು. 2021ರಲ್ಲಿ ಕೆವಿನ್ ಡಿ ಬ್ರೂಯ್ನೆ ಏಜೆಂಟ್ ಇಲ್ಲದೆ ಮ್ಯಾಂಚೆಸ್ಟರ್ ಸಿಟಿ ಜೊತೆ ಮಾತುಕತೆಗೆ ಕೂತರು. ತಂಡಕ್ಕೆ ತಾವು ಎಷ್ಟು ಮುಖ್ಯ ಎಂಬುದನ್ನು ವಿಶ್ಲೇಷಕರಿಂದ ಲೆಕ್ಕ ಹಾಕಿಸಿಕೊಂಡು ಹೋಗಿದ್ದರು. 2025ರವರೆಗಿನ ಒಪ್ಪಂದ ಪಡೆದು ಹೊರಬಂದರು. ಅವರಿಗೆ ಆ ಖರ್ಚು ಸಾಧ್ಯವಿತ್ತು. ಕೆಳ ದರ್ಜೆಯ ಲೀಗ್‌ನಲ್ಲಿ ಆಡುವ ಹತ್ತೊಂಬತ್ತರ ಹುಡುಗನನ್ನು ಉಳಿಸಿಕೊಳ್ಳಬೇಕೋ ಬಿಡಬೇಕೋ ಎಂದು ಕ್ಲಬ್ ತೀರ್ಮಾನಿಸುವಾಗ ಮೇಜಿನ ಮೇಲೆ ಅವನದೇ ಓಟ, ಅವನದೇ ಹೊಡೆತಗಳ ಲೆಕ್ಕ ಹರಡಿರುತ್ತದೆ. ಆ ಹಾಳೆಯನ್ನು ಅವನಿಗೂ ಕೊಡಬೇಕು, ಅದರಲ್ಲಿ ತಪ್ಪಿದ್ದರೆ ಎತ್ತಿ ತೋರಿಸಲು ಅವನಿಗೆ ಅವಕಾಶವಿರಬೇಕು.