ನನ್ನ ಉತ್ತರದಲ್ಲಿ ಇಲ್ಲದ ಚಂದ್ರಿ

ಬಿ.ಎ. ಪರೀಕ್ಷೆಯಲ್ಲಿ ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ದ (1965) ಬಗ್ಗೆ ನಾಲ್ಕು ಪುಟ ಬರೆದಿದ್ದೆ. ಅದು ಬ್ರಾಹ್ಮಣ್ಯದ ಅವನತಿಯ ಕಥೆ ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಎಂ.ಎ.ಗೆ ಬಂದಾಗ ನವ್ಯ, ಅಸ್ತಿತ್ವವಾದ, ಆಯ್ಕೆ ಎಂಬ ಪರಿಕಲ್ಪನೆಗಳು ಸಿಕ್ಕವು. ಹಳೆಯ ಉತ್ತರ ಬಾಲಿಶವೆನಿಸಿತು. ಹೊಸದರ ಮೇಲೆ ಮಾತ್ರ ಮೊದಲಿಗಿಂತ ಹೆಚ್ಚು ನಂಬಿಕೆ. ‘ಪ್ರಾಣೇಶಾಚಾರ್ಯರ ಆಯ್ಕೆ’ ಎಂದು ಸೆಮಿನಾರಿನಲ್ಲಿ ಪ್ರಬಂಧ ಮಂಡಿಸಿದೆ. ಆ ಪದಗಳನ್ನು ಕಲಿತು ಆಗಿನ್ನೂ ಒಂದು ತಿಂಗಳೂ ಆಗಿರಲಿಲ್ಲ.

ಸಂಶೋಧನೆಗೆ ಸೇರಿದ ಮೇಲೆ ಕಿರಿಯರಿಗೆ ಅದೇ ಕಾದಂಬರಿಯನ್ನು ಪಾಠ ಮಾಡುತ್ತಿದ್ದೆ. ಒಬ್ಬ ಹುಡುಗಿ ಕೇಳಿದಳು: “ಹಾಗಾದರೆ ನಾರಣಪ್ಪನ ಹೆಣ ಸುಟ್ಟವರು ಯಾರು ಸಾರ್?”

ಉತ್ತರ ಗೊತ್ತಿತ್ತು. ಆದರೆ ನಾನು ಬರೆದ ಯಾವ ಪುಟದಲ್ಲೂ ಅದು ಇರಲಿಲ್ಲ. ಸಂಸ್ಕಾರ ಮಾಡಬೇಕಾದವರು ಯಾರೆಂದು ಆಚಾರ್ಯರು ಗ್ರಂಥಗಳಲ್ಲಿ ಹುಡುಕುತ್ತಾರೆ, ಮಾರುತಿಯ ಗುಡಿಯಲ್ಲಿ ಪ್ರಸಾದಕ್ಕಾಗಿ ಕಾಯುತ್ತಾರೆ. ಇತ್ತ ಚಂದ್ರಿ ಅಹಮದ್ ಬ್ಯಾರಿಯ ನೆರವಿನಿಂದ, ಅಗ್ರಹಾರಕ್ಕೆ ತಿಳಿಯದಂತೆ, ರಾತ್ರಿ ಹೆಣ ಸುಡಿಸಿ ಹೊರಟುಹೋಗುತ್ತಾಳೆ. ಕಾದಂಬರಿಯ ಮೂಲ ಪ್ರಶ್ನೆ ಅಲ್ಲಿಗೆ ಮುಗಿದಿರುತ್ತದೆ. ‘ಆಯ್ಕೆ’ ಎಂಬ ಪದ ಹಿಡಿದು ಹೊರಟ ನಾನು ಚರ್ಚಿಸುವವರ ಆಯ್ಕೆಯನ್ನಷ್ಟೇ ನೋಡಿದ್ದೆ, ಮಾಡಿ ಮುಗಿಸಿದವಳದನ್ನಲ್ಲ.

ಆಮೇಲೆ ಎರಡು ತಿಂಗಳು ಆ ಅಧ್ಯಾಯ ಮುಂದೆ ಹೋಗಲಿಲ್ಲ. ಬರೆದ ಪ್ರತಿ ವಾಕ್ಯವೂ ‘ಇರಬಹುದು’ ಎಂದು ಮುಗಿಯುತ್ತಿತ್ತು. ಚಂದ್ರಿಯೇ ಕಾದಂಬರಿಯ ಕೇಂದ್ರ ಎಂದು ಬರೆದುಬಿಡುವ ಆಸೆಯೂ ಆಯಿತು. ಆದರೆ ಅದೂ ಹಳೆಯ ಚಾಳಿಯೇ. ಅವಳು ಹೋದ ಮೇಲೂ ಕಥೆ ಆಚಾರ್ಯರ ಬೆನ್ನು ಬಿಡುವುದಿಲ್ಲ. ಅವಳ ಮನಸ್ಸಿನೊಳಗೆ ಅದು ಇಳಿಯುವುದು ಕಡಿಮೆ. ಕೃತಿಯ ಆ ಮಿತಿಯನ್ನೂ ಹೇಳದಿದ್ದರೆ ನನ್ನ ಓದು ಮತ್ತೆ ಅರ್ಧವೇ.

ಕಾಶಿಯಲ್ಲಿ ಓದಿಬಂದ ಆಚಾರ್ಯರು ಸೋಲುವುದು ಓದು ಕಡಿಮೆಯಾಗಿ ಅಲ್ಲ. ಎಲ್ಲ ಪ್ರಶ್ನೆಗೂ ಗ್ರಂಥದಲ್ಲಿ ಉತ್ತರ ಇದ್ದೇ ಇರುತ್ತದೆ ಎಂಬ ನಂಬಿಕೆಯಿಂದ. ಅವರನ್ನು ವಿಮರ್ಶಿಸುತ್ತಿದ್ದ ನಾನೂ ಅದನ್ನೇ ಮಾಡಿದ್ದೆ, ಗ್ರಂಥಗಳು ಬೇರೆ ಅಷ್ಟೆ. ಹೊಸ ಪರಿಕಲ್ಪನೆ ಕಲಿತಾಗ ಕೃತಿಯಲ್ಲಿ ಅದಕ್ಕೆ ಹೊಂದುವ ಭಾಗಗಳು ಬೇಗ ಕಾಣುತ್ತವೆ. ಅದರಿಂದಲೇ ವಿಶ್ವಾಸ ಏರುತ್ತದೆ. ಹೊಂದದ ಭಾಗಗಳು ಕಾಣಲು ಮತ್ತೊಮ್ಮೆ ಓದಬೇಕು, ಕೆಲವೊಮ್ಮೆ ಬೇರೆಯವರು ಕೇಳಬೇಕು.

ಈಗ ಆ ಅಧ್ಯಾಯ ಹೆಣ ಸುಟ್ಟ ರಾತ್ರಿಯಿಂದ ಶುರುವಾಗುತ್ತದೆ. ‘ನಿಸ್ಸಂದೇಹವಾಗಿ’ ಎಂಬ ಪದ ಒಂದೇ ಕಡೆ ಉಳಿದಿದೆ: ಹೆಣ ಸುಡಿಸಿದವಳು ಚಂದ್ರಿ ಎನ್ನುವಲ್ಲಿ.