ಆಟಕ್ಕಿಂತ ಮುಂದೆ ಓಡುವ ದನಿ

ಕ್ರಿಕೆಟ್ ಪ್ರಸಾರದಲ್ಲಿ ಟಾಸ್‌ನಷ್ಟು ಸಣ್ಣ ಕೆಲಸ ಇನ್ನೊಂದಿಲ್ಲ. ಇಬ್ಬರು ನಾಯಕರು, ಒಬ್ಬ ಮ್ಯಾಚ್ ರೆಫರಿ, ಒಂದು ನಾಣ್ಯ. ಯಾರು ಕರೆದರು, ಏನು ಬಿತ್ತು, ಗೆದ್ದವರು ಬ್ಯಾಟಿಂಗ್ ತೆಗೆದುಕೊಂಡರೋ ಬೌಲಿಂಗೋ, ತಂಡದಲ್ಲಿ ಯಾರು ಒಳಗೆ ಯಾರು ಹೊರಗೆ. ಇಷ್ಟು ಗೊತ್ತಾದರೆ ಮನೆಯಲ್ಲಿ ಕೂತವನು ಕಾಫಿ ತರಲು ಏಳಬಹುದು. ಐಪಿಎಲ್‌ನಲ್ಲಿ ರವಿ ಶಾಸ್ತ್ರಿ ಮೈಕು ಹಿಡಿದು ಪಿಚ್ಚಿನ ಪಕ್ಕ ನಿಂತರೆ ಇದೇ ಕೆಲಸ ಜಾತ್ರೆಯಲ್ಲಿ ತೇರು ಎಳೆಯುವ ಗದ್ದಲಕ್ಕೆ ಏರುತ್ತದೆ. ಎರಡೂ ತಂಡಗಳ ಹೆಸರನ್ನು ಎಳೆದೆಳೆದು ಕೂಗುತ್ತಾರೆ. ಗ್ಯಾಲರಿ ಮಾರುತ್ತರ ಕೊಡುತ್ತದೆ. ನಾಣ್ಯ ಇನ್ನೂ ನಾಯಕನ ಕೈಯಲ್ಲಿರುವಾಗಲೇ ದನಿ ಫೈನಲ್ಲಿನ ಕೊನೆಯ ಓವರಿನ ಎತ್ತರಕ್ಕೆ ಹೋಗಿ ಕೂತಿರುತ್ತದೆ. ಆಮೇಲೆ ನಾಯಕನಿಗೊಂದು ಪ್ರಶ್ನೆ. ಅದರಲ್ಲಿ ಉತ್ತರವೂ ಅಡಗಿರುವುದರಿಂದ ಪಾಪ, ಆತ ಹೌದು ಎಂದು ತಲೆಯಾಡಿಸಿ, ಒಳ್ಳೆಯ ವಿಕೆಟ್ ಹಾಗೆ ಕಾಣುತ್ತಿದೆ ಎಂದಷ್ಟೇ ಹೇಳಿ ಹೊರಡುತ್ತಾನೆ.

ಶಾಸ್ತ್ರಿ ಹುಟ್ಟಿದ್ದು 1962ರಲ್ಲಿ. ಮೈಕಿಗೆ ಬಂದದ್ದು ತೊಂಬತ್ತರ ದಶಕದ ನಡುವಿನಲ್ಲಿ. ನಡುವೆ ಭಾರತ ತಂಡದ ಕೋಚ್ ಆಗಿದ್ದ ವರ್ಷಗಳನ್ನು ಕಳೆದರೂ ಇಷ್ಟು ಕಾಲ ನಮ್ಮ ಕಿವಿಯಲ್ಲಿ ನಿಂತ ಕ್ರಿಕೆಟ್ ದನಿಗಳು ಬೆರಳೆಣಿಕೆಯವು. ಈಗ ಅವರ ಮೋಡಿ ಇಳಿದಿದೆ ಎಂದು ಹೇಳುವವರಲ್ಲಿ ನಾನೂ ಒಬ್ಬ. ಆದರೆ ವಯಸ್ಸಾಯಿತು, ಕಂಠ ಸೊರಗಿತು ಎಂಬ ಮಾತನ್ನು ಒಪ್ಪುವುದಿಲ್ಲ. ಕಂಠ ಮೊದಲಿಗಿಂತ ಗಟ್ಟಿಯಾಗಿಯೇ ಇದೆ. ಕೆಟ್ಟಿರುವುದು ಅವರ ಟೈಮಿಂಗ್. ಮೊದಲು ಅವರ ದನಿ ಆಟದ ಬೆನ್ನಿಗೇ ಬರುತ್ತಿತ್ತು, ಈಗ ಆಟಕ್ಕಿಂತ ಮುಂದೆ ಓಡುತ್ತದೆ.

2007ರ ಸೆಪ್ಟೆಂಬರ್ 24ರ ರೆಕಾರ್ಡಿಂಗ್ ಹಾಕಿ ನೋಡಿ. ಜೊಹಾನ್ಸ್‌ಬರ್ಗ್, ಮೊದಲ ಟಿ20 ವಿಶ್ವಕಪ್ಪಿನ ಫೈನಲ್. ಪಾಕಿಸ್ತಾನಕ್ಕೆ ನಾಲ್ಕು ಎಸೆತಗಳಲ್ಲಿ ಆರು ರನ್ ಬೇಕು. ಮಿಸ್ಬಾ ಮಂಡಿಯೂರಿ ಜೋಗಿಂದರ್ ಶರ್ಮಾ ಎಸೆತವನ್ನು ಬೆನ್ನ ಹಿಂದಕ್ಕೆ ಎತ್ತಿದರು. ಶಾಸ್ತ್ರಿ ಆಗ ಹೇಳಿದ್ದು ಚೆಂಡು ಗಾಳಿಯಲ್ಲಿದೆ ಎಂದಷ್ಟೇ. ಅದು ಬೌಂಡರಿ ದಾಟೀತೋ ಇಲ್ಲವೋ ಅವರಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಆ ಒಂದೂವರೆ ಕ್ಷಣದ ಗೊತ್ತಿಲ್ಲದಿರುವಿಕೆಯನ್ನು ಅವರು ಮುಟ್ಟಲಿಲ್ಲ. ಶಾರ್ಟ್ ಫೈನ್ ಲೆಗ್ಗಿನಲ್ಲಿ ಶ್ರೀಶಾಂತ್ ಕೈಗೆ ಚೆಂಡು ಬಿದ್ದ ಮೇಲೆಯೇ ದನಿ ಸಿಡಿಯಿತು. ಹಿಡಿದವನ ಹೆಸರು, ಗೆದ್ದ ದೇಶದ ಹೆಸರು, ಅಷ್ಟೇ.

2011ರ ಏಪ್ರಿಲ್ 2ರಂದು ವಾಂಖೆಡೆಯ ವಿಶ್ವಕಪ್ ಫೈನಲ್ಲಿನಲ್ಲಿ ಆದದ್ದು ಇನ್ನೂ ಚೆನ್ನ. 275 ರನ್ನುಗಳ ಗುರಿ, 49ನೇ ಓವರಿನ ಎರಡನೇ ಎಸೆತ, ಬೌಲರ್ ಕುಲಶೇಖರ. ಧೋನಿಯ ಬ್ಯಾಟು ತಿರುಗಿದಾಗ ಶಾಸ್ತ್ರಿ ಮೊದಲು ಎಳೆದದ್ದು ಧೋನಿಯ ಹೆಸರನ್ನು. ಆ ಎಳೆತದಷ್ಟು ಹೊತ್ತು ಚೆಂಡು ಮೇಲಿತ್ತು. ಅದು ಜನರ ನಡುವೆ ಬೀಳುವ ಹೊತ್ತಿಗೆ ಮಿಕ್ಕ ಮಾತುಗಳು ಬಂದವು: ಸೊಗಸಾಗಿ ಮುಗಿಸಿದ, ಜನರ ನಡುವಿಗೆ ಹೊಡೆದ, 28 ವರ್ಷಗಳ ಮೇಲೆ ವಿಶ್ವಕಪ್ ಬಂತು. ಮೊದಲು ಆಟಗಾರ, ಆಮೇಲೆ ಹೊಡೆತ, ಕೊನೆಗೆ ಇತಿಹಾಸ. ಚೆಂಡು ಹೋದ ದಾರಿಯಲ್ಲೇ ಮಾತೂ ಹೋಯಿತು. ಇದನ್ನು ಬರೆದುಕೊಂಡು ಬಂದು ಓದುವುದು ಸಾಧ್ಯವಿಲ್ಲ. ಆ 28 ಎಂಬ ಸಂಖ್ಯೆಯೂ ಅವರಿಗೆ ಅಂಕಿಅಂಶದ ಹಾಳೆಯಿಂದ ಸಿಕ್ಕಿದ್ದಲ್ಲ. 1983ರಲ್ಲಿ ಗೆದ್ದ ತಂಡದಲ್ಲಿ ಅವರಿದ್ದರು. ಫೈನಲ್ ಆಡಿದ ಹನ್ನೊಂದರಲ್ಲಿ ಇರಲಿಲ್ಲ, ಅಷ್ಟೇ.

ಅವರ ಮೋಡಿಯ ಬೇರು ಇರುವುದು ಅವರ ಆಟದ ಬದುಕಿನಲ್ಲಿ ಎಂದು ನನಗನ್ನಿಸುತ್ತದೆ. 1981ರಲ್ಲಿ ವೆಲ್ಲಿಂಗ್ಟನ್‌ನಲ್ಲಿ ಮೊದಲ ಟೆಸ್ಟ್ ಆಡಿದಾಗ ಅವರು ಹತ್ತನೇ ಕ್ರಮಾಂಕದ ಎಡಗೈ ಸ್ಪಿನ್ನರ್. ಅಲ್ಲಿಂದ ಮೆಟ್ಟಿಲು ಹತ್ತಿ ಆರಂಭಿಕ ಬ್ಯಾಟ್ಸ್‌ಮನ್ ಆದರು. 1992ರಲ್ಲಿ ಸಿಡ್ನಿಯಲ್ಲಿ 206 ಹೊಡೆದರು. ಶೇನ್ ವಾರ್ನ್ ಎಂಬ ಹೊಸ ಹುಡುಗನ ಮೊದಲ ಟೆಸ್ಟ್ ವಿಕೆಟ್ ಕೂಡ ಅವರದೇ. ಹುಟ್ಟು ಪ್ರತಿಭೆಯವರು ಎಂದು ಯಾರೂ ಅವರನ್ನು ಹೊಗಳಿದ್ದಿಲ್ಲ. ಪ್ಯಾಡಿನ ಮೇಲೆ ಬಂದ ಚೆಂಡನ್ನು ಲೆಗ್ ಕಡೆಗೆ ತಿರುವುವ ಅವರ ಹೊಡೆತಕ್ಕೆ ಚಪಾತಿ ಶಾಟ್ ಎಂಬ ಅಡ್ಡಹೆಸರಿತ್ತು. ನಿಧಾನವಾಗಿ ಆಡುತ್ತಾರೆಂದು ನಮ್ಮದೇ ಮೈದಾನಗಳಲ್ಲಿ ಜನ ‘ಶಾಸ್ತ್ರಿ ಹಾಯ್ ಹಾಯ್’ ಎಂದು ಕೂಗಿದ್ದಾರೆ. ಇದೇ ಮನುಷ್ಯ 1985ರ ಜನವರಿಯಲ್ಲಿ ಬರೋಡಾದ ತಿಲಕ್ ರಾಜ್ ಓವರಿನಲ್ಲಿ ಆರು ಸಿಕ್ಸರ್ ಹೊಡೆದು 113 ನಿಮಿಷದಲ್ಲಿ ದ್ವಿಶತಕ ಮುಗಿಸಿದರು. ಎರಡು ತಿಂಗಳ ಮೇಲೆ ಮೆಲ್ಬರ್ನಿನಲ್ಲಿ ಔಡಿ ಕಾರನ್ನು ಬಹುಮಾನವಾಗಿ ಗೆದ್ದರು. ಅದರ ಮೇಲೆಲ್ಲ ಹತ್ತಿ ಕೂತ ಸಹ ಆಟಗಾರರ ಚಿತ್ರ ಆ ಕಾಲದವರಿಗೆ ಈಗಲೂ ನೆನಪಿದೆ. 2007ರಲ್ಲಿ ಡರ್ಬನ್ನಿನಲ್ಲಿ ಯುವರಾಜ್ ಸಿಂಗ್ ಸ್ಟುವರ್ಟ್ ಬ್ರಾಡ್‌ಗೆ ಆರು ಸಿಕ್ಸರ್ ಹೊಡೆದಾಗ ಮೈಕಿನ ಹಿಂದೆ ಶಾಸ್ತ್ರಿಯೇ ಇದ್ದರು. ಆರನೆಯದಕ್ಕೆ ಕಾಯುವವನ ಎದೆ ಹೇಗೆ ಬಡಿಯುತ್ತದೆ ಎಂದು ಸ್ವಂತಕ್ಕೆ ಗೊತ್ತಿದ್ದ ವೀಕ್ಷಕ ವಿವರಣೆಗಾರ ಲೋಕದಲ್ಲಿ ಇನ್ನೆಷ್ಟು ಜನ ಇದ್ದಾರು? ಗುಂಪಿನ ಬೈಗುಳವನ್ನೂ ಗುಂಪಿನ ಕೇಕೆಯನ್ನೂ ಬೌಂಡರಿ ಗೆರೆಯ ಒಳಗೆ ನಿಂತು ಕೇಳಿದವರು ಅವರು. ಯಾವಾಗ ಕೂಗಬೇಕು ಎಂಬುದು ಅವರಿಗೆ ಅಲ್ಲಿಂದ ಬಂದ ವಿದ್ಯೆ.

ಆ ವಿದ್ಯೆಗೆ ಮೊದಲ ಏಟು ಕೊಟ್ಟದ್ದು ಐಪಿಎಲ್. 2008ರಲ್ಲಿ ಲೀಗ್ ಶುರುವಾದ ಮೇಲೆ ಸಿಕ್ಸರಿಗೆ ಸಿಕ್ಸರ್ ಎನ್ನದೆ ‘ಡಿಎಲ್‌ಎಫ್ ಮ್ಯಾಕ್ಸಿಮಮ್’ ಎನ್ನಬೇಕಾಯಿತು. ಮುಂದೆ ಕ್ಯಾಚೂ ‘ಕಾರ್ಬನ್ ಕಮಾಲ್ ಕ್ಯಾಚ್’ ಆಯಿತು. ಜಾಹೀರಾತುದಾರ ಹಣ ಕೊಟ್ಟದ್ದು ಉತ್ಸಾಹಕ್ಕೆ. ಮೂರನೇ ಓವರಿನ ಸಿಕ್ಸರಿಗೂ ಇಪ್ಪತ್ತನೇ ಓವರಿನದಕ್ಕೂ ಅವನಿಗೆ ವ್ಯತ್ಯಾಸವಿಲ್ಲ, ಎರಡರಲ್ಲೂ ಹೆಸರು ಗಟ್ಟಿಯಾಗಿ ಕೇಳಬೇಕು. ಕಾಮೆಂಟರಿಯವರ ಕಂಠದಲ್ಲಿ ಏರಿಳಿತ ಎನ್ನುವುದು ಸತ್ತದ್ದು ಅಲ್ಲೇ. ಇದು ಶಾಸ್ತ್ರಿಯೊಬ್ಬರ ಕಥೆಯಲ್ಲ ನಿಜ. ಆದರೆ ಏರಿಳಿತವೇ ಬಂಡವಾಳವಾಗಿದ್ದವರಿಗೆ ನಷ್ಟ ಹೆಚ್ಚು. ಹರ್ಷ ಭೋಗ್ಲೆಯಂಥವರು ಬದುಕುವುದು ಪ್ರಶ್ನೆಯ ಮೇಲೆ, ಕಥೆಯ ಮೇಲೆ. ಗದ್ದಲ ಎಷ್ಟೇ ಇರಲಿ, ಅವೆರಡನ್ನು ಯಾರೂ ಕಿತ್ತುಕೊಳ್ಳಲಾರರು. ಶಾಸ್ತ್ರಿಯ ಕೈಯಲ್ಲಿದ್ದದ್ದು ಒಂದೇ ಆಯುಧ. ಅದನ್ನು ದಿನಕ್ಕೆ ನಲವತ್ತು ಸಲ ಬೀಸಿದರೆ ಮೊಂಡಾಗದೆ ಇನ್ನೇನಾಗುತ್ತದೆ?

ಆಟವೂ ಅವರಿಗೆ ಸಹಾಯ ಮಾಡಲಿಲ್ಲ. ಹತ್ತು ತಂಡಗಳಾದ 2022ರಿಂದ ಪ್ರತಿ ಐಪಿಎಲ್‌ನಲ್ಲೂ ಸಿಕ್ಸರುಗಳು ಸಾವಿರ ದಾಟಿವೆ. ಸಾವಿರ ಅದ್ಭುತಗಳನ್ನು ಎರಡು ತಿಂಗಳಲ್ಲಿ ಅದ್ಭುತವೆಂದೇ ಕರೆಯುವ ಹೊಣೆ ಹೊತ್ತವನು ಸಿದ್ಧ ಮಾತುಗಳ ಡಬ್ಬಿಗೆ ಕೈ ಹಾಕಲೇಬೇಕು. ಬೌಂಡರಿಗೆ ಹೋದ ಚೆಂಡೆಲ್ಲ ‘ಟ್ರೇಸರ್ ಬುಲೆಟ್’. ಬೇಕಾದಾಗ ಬಿದ್ದ ವಿಕೆಟ್ಟು ಡಾಕ್ಟರು ಬರೆದುಕೊಟ್ಟ ಔಷಧಿ. ಕ್ರೀಡಾಂಗಣ ತುಂಬಿದ್ದರೆ ವಾತಾವರಣದಲ್ಲಿ ವಿದ್ಯುತ್ತು. ನೋಡುಗರು ಈ ನುಡಿಗಟ್ಟುಗಳ ಪಟ್ಟಿ ಮಾಡಿಕೊಂಡು, ಒಂದೊಂದು ಬಂದಾಗಲೂ ಗೆರೆ ಹೊಡೆಯುವ ಬಿಂಗೋ ಆಟ ಕಟ್ಟಿದರು. ಮಿಮಿಕ್ರಿ ಮಾಡುವ ಹುಡುಗರಿಗೆ ಅವರಷ್ಟು ಸುಲಭದ ದನಿ ಇನ್ನೊಂದಿಲ್ಲ. ಶಾಸ್ತ್ರಿಗೆ ಇದು ಗೊತ್ತಿಲ್ಲ ಎಂದುಕೊಳ್ಳಬೇಡಿ. ಚೆನ್ನಾಗಿ ಗೊತ್ತು. ಗೊತ್ತಾಗಿ ಅದನ್ನೇ ಇನ್ನಷ್ಟು ಉಬ್ಬಿಸಿ ಮಾಡುತ್ತಾರೆ. ನನಗೆ ಬೇಸರವಾಗುವುದು ಇಲ್ಲಿ. ತನ್ನ ಅಣಕವನ್ನು ತಾನೇ ಅಭಿನಯಿಸುವ ನಟನನ್ನು ನೋಡಿ ನಗು ಬರುತ್ತದೆ, ಆದರೆ ಅವನ ಮಾತನ್ನು ನಂಬುವುದು ನಿಂತುಹೋಗುತ್ತದೆ.

ಇಂಗ್ಲಿಷ್ ಸಾಕೆಂದು ಕನ್ನಡ ಚಾನೆಲ್ಲಿಗೆ ಹೊರಳಿದರೆ ನೆಮ್ಮದಿ ಸಿಕ್ಕೀತು ಎಂಬ ಆಸೆಯಿತ್ತು. 2018ರ ಕೊನೆಯಲ್ಲಿ ಸ್ಟಾರ್ ಸ್ಪೋರ್ಟ್ಸ್ ಕನ್ನಡ ಬಂದ ಮೇಲೆ ವಿಜಯ್ ಭಾರದ್ವಾಜ್‌ರಂಥ ಆಡಿ ಬಲ್ಲವರು ಸ್ಪಿನ್ ಬಗ್ಗೆ ನಮ್ಮ ಮಾತಿನಲ್ಲಿ ಬಿಡಿಸಿ ಹೇಳುವುದನ್ನು ಕೇಳುವ ಸುಖ ಸಿಕ್ಕಿದ್ದು ಹೌದು. ಆದರೆ ಗಂಟಲು ಹರಿಯುವಂತೆ ಕೂಗುವ ಪಾಠ ಅಲ್ಲಿಗೂ ತಲುಪಿದೆ. ಶಾಸ್ತ್ರಿ ಈ ಅರ್ಥದಲ್ಲಿ ಒಂದು ಘರಾನೆಯನ್ನೇ ಕಟ್ಟಿದರು. ಗುರುಗಳಿಗೆ ಇದ್ದ ಕಾಯುವ ತಾಳ್ಮೆ ಮಾತ್ರ ಶಿಷ್ಯರಿಗೆ ಬರಲಿಲ್ಲ.

ಎರಡನೇ ಏಟು ಇನ್ನೂ ಆಳದ್ದು. ಟೆಲಿವಿಷನ್‌ನಲ್ಲಿ ಚಿತ್ರ ಕಣ್ಣೆದುರೇ ಇರುತ್ತದೆ. ಅದಕ್ಕೆ ಸೇರಿಸುವುದು ಏನಾದರೂ ಇದ್ದರೆ ಬಾಯಿ ತೆರೆ, ಇಲ್ಲದಿದ್ದರೆ ಸುಮ್ಮನಿರು ಎಂಬುದು ಆಸ್ಟ್ರೇಲಿಯಾದ ವಿವರಣೆಗಾರ ರಿಚಿ ಬೆನೊ ಬದುಕಿಡೀ ಪಾಲಿಸಿದ ನಿಯಮ. ಸೇರಿಸುವುದಕ್ಕೆ ಇರುವುದು ಮುಖ್ಯವಾಗಿ ಅಭಿಪ್ರಾಯ, ಶಾಸ್ತ್ರಿ ಕಳೆದುಕೊಂಡದ್ದು ಅದನ್ನೇ. ಶಾಸ್ತ್ರಿ ಬಹಳ ವರ್ಷ ಭಾರತೀಯ ಕ್ರಿಕೆಟ್ ಮಂಡಳಿಯೊಂದಿಗೇ ಕರಾರು ಮಾಡಿಕೊಂಡ ವಿವರಣೆಗಾರ, ಐಪಿಎಲ್ ಆಡಳಿತ ಮಂಡಳಿಯ ಮಾಜಿ ಸದಸ್ಯ, 2014ರಿಂದ 2016ರವರೆಗೆ ತಂಡದ ನಿರ್ದೇಶಕ, 2017ರಿಂದ 2021ರವರೆಗೆ ಮುಖ್ಯ ಕೋಚ್. 2024ರ ಜನವರಿಯಲ್ಲಿ ಮಂಡಳಿ ಜೀವಮಾನ ಸಾಧನೆಯ ಪ್ರಶಸ್ತಿಯನ್ನೂ ಕೊಟ್ಟಿತು. ಯಾವುದಕ್ಕೂ ಅವರು ಅನರ್ಹರಲ್ಲ. ಆಸ್ಟ್ರೇಲಿಯಾದಲ್ಲಿ ಎರಡು ಸಲ ಸರಣಿ ಗೆದ್ದ ಕೋಚ್ ಅವರು. ಎರಡನೆಯದಂತೂ ಅಡಿಲೇಡಿನಲ್ಲಿ 36ಕ್ಕೆ ಕುಸಿದ ತಂಡವನ್ನು ಒಂದು ತಿಂಗಳಲ್ಲಿ ಗಬ್ಬಾದಲ್ಲಿ ಗೆಲ್ಲಿಸಿದ್ದು. ಆದರೆ ಒಂದೇ ಮನೆಯ ಯಜಮಾನ, ಅಡುಗೆಯವ, ಊಟ ಚೆನ್ನಾಗಿದೆ ಎನ್ನುವ ಅತಿಥಿ ಎಲ್ಲವೂ ತಾನೇ ಆದವನು ಉಪ್ಪು ಹೆಚ್ಚಾಗಿದೆ ಎಂದು ಹೇಗೆ ಹೇಳಬೇಕು? 2011ರ ಇಂಗ್ಲೆಂಡ್ ಪ್ರವಾಸದಲ್ಲಿ ಅಂಪೈರ್ ತೀರ್ಪು ಮರುಪರಿಶೀಲಿಸುವ ಡಿಆರ್‌ಎಸ್ ವಿಷಯಕ್ಕೆ ಇಂಗ್ಲೆಂಡಿನ ವಿವರಣೆಗಾರ ನಾಸಿರ್ ಹುಸೇನ್ ಜತೆ ಪ್ರಸಾರದಲ್ಲೇ ಜಟಾಪಟಿಯಾದಾಗ ಶಾಸ್ತ್ರಿ ಆಡಿದ್ದು ಮಂಡಳಿಯ ವಕೀಲಿಕೆ. 2013ರಲ್ಲಿ ಆಸ್ಟ್ರೇಲಿಯಾದ ಇಯಾನ್ ಚಾಪೆಲ್ ಭಾರತದ ಸರಣಿಗೆ ಕಾಮೆಂಟರಿ ಮಾಡಲು ಒಲ್ಲೆನೆಂದರು. ತಂಡದ ಆಯ್ಕೆ, ಆಡಳಿತ, ಡಿಆರ್‌ಎಸ್ ಬಗ್ಗೆ ಮಾತಾಡುವಂತಿಲ್ಲ ಎಂಬ ನಿರ್ಬಂಧ ಅವರಿಗೆ ಒಗ್ಗಲಿಲ್ಲ. ಆಯ್ಕೆ, ಆಡಳಿತ, ಅಂಪೈರಿಂಗ್ ಮೂರನ್ನೂ ತೆಗೆದರೆ ಕ್ರಿಕೆಟ್ಟಿನಲ್ಲಿ ಮಾತಾಡಲು ಉಳಿಯುವುದು ಹೊಗಳಿಕೆ. ಹೊಗಳಿಕೆಯನ್ನು ಹೊಸದಾಗಿ ಕೇಳಿಸಲು ಇರುವ ಒಂದೇ ದಾರಿ ದನಿ ಏರಿಸುವುದು.

ವಯಸ್ಸು ಕಾರಣವಲ್ಲ ಎಂದೆನಲ್ಲ, ಅದಕ್ಕೆ ಸಾಕ್ಷಿ ಸುನಿಲ್ ಗಾವಸ್ಕರ್. 2024ರ ಡಿಸೆಂಬರಿನಲ್ಲಿ ಮೆಲ್ಬರ್ನ್ ಟೆಸ್ಟಿನಲ್ಲಿ ರಿಷಭ್ ಪಂತ್ ಬೇಡದ ಸ್ಕೂಪ್ ಆಡಿ ಔಟಾದಾಗ ಎಪ್ಪತ್ತೈದರ ಗಾವಸ್ಕರ್ ಆಸ್ಟ್ರೇಲಿಯಾದ ಎಬಿಸಿ ರೇಡಿಯೊದಲ್ಲಿ ಮೂರು ಸಲ ‘ಸ್ಟುಪಿಡ್’ ಎಂದರು. ಅವರೂ ಮಂಡಳಿಯ ಕರಾರಿನಲ್ಲಿದ್ದವರೇ, ಮನೆಯ ಮೈಕಿನಲ್ಲಿ ಅವರೂ ಸೌಮ್ಯ. ಊರು ಬದಲಾಯಿತು, ಮೈಕು ಬದಲಾಯಿತು, ಹಳೆಯ ಮುಂಬೈನ ಪಟ್ಟು ಬಿಡದ ‘ಖಡೂಸ್’ ಬ್ಯಾಟ್ಸ್‌ಮನ್ ಹೊರಬಂದ.

ಶಾಸ್ತ್ರಿಯಲ್ಲೂ ಹಾಗೇ ಆಗುತ್ತದೆ. 2025ರ ಜುಲೈನಲ್ಲಿ ಎಡ್ಜ್‌ಬಾಸ್ಟನ್ ಟೆಸ್ಟ್. ಲೀಡ್ಸ್‌ನಲ್ಲಿ ಸೋತು ಬಂದ ಭಾರತ, ನಡುವೆ ವಾರದ ಬಿಡುವಿದ್ದರೂ ವೇಗಿ ಜಸ್ಪ್ರೀತ್ ಬುಮ್ರಾರನ್ನು ಆಡಿಸಲಿಲ್ಲ. ಸ್ಕೈ ವಾಹಿನಿಯ ಮೈಕಿನಲ್ಲಿ ಶಾಸ್ತ್ರಿ ಇದನ್ನು ನಂಬಲಾಗುತ್ತಿಲ್ಲ ಎಂದರು. ಯಾವ ಪಂದ್ಯ ಆಡಬೇಕೆಂದು ಆಟಗಾರ ತೀರ್ಮಾನಿಸುವುದಲ್ಲ, ನಾಯಕನೂ ಕೋಚೂ ತೀರ್ಮಾನಿಸಬೇಕು ಎಂದರು. ಕೂಗಲಿಲ್ಲ. ನಾಲ್ಕು ವರ್ಷದ ಹಿಂದೆ ಅದೇ ಬುಮ್ರಾಗೆ ಕೋಚ್ ಆಗಿದ್ದವರು ಆಡಿದ ಮಾತಾದ್ದರಿಂದ ಅದಕ್ಕೆ ತೂಕವಿತ್ತು. ಆಮೇಲೆ ಆದದ್ದೇನು? ಶುಭಮನ್ ಗಿಲ್ 269 ಮತ್ತು 161 ಹೊಡೆದರು, ಬುಮ್ರಾ ಜಾಗಕ್ಕೆ ಬಂದ ಆಕಾಶ್ ದೀಪ್ ಹತ್ತು ವಿಕೆಟ್ ಕಿತ್ತರು, ಭಾರತ 336 ರನ್ನುಗಳಿಂದ ಗೆದ್ದಿತು. ಶಾಸ್ತ್ರಿ ಹೇಳಿದ್ದು ತಲೆಕೆಳಗಾಯಿತು ಎಂದು ಹಲವರು ನಕ್ಕರು. ನನಗೆ ಅವರು ಬಹಳ ದಿನಗಳ ಮೇಲೆ ಇಷ್ಟವಾದದ್ದು ಆಗಲೇ. ತಪ್ಪಾಗಲು ಅವಕಾಶವಿರುವಂಥ ಒಂದು ಮಾತನ್ನಾದರೂ ಆಡಿದರಲ್ಲ! ಟ್ರೇಸರ್ ಬುಲೆಟ್ ಎಂದಾದರೂ ತಪ್ಪಾದೀತೇ?

ಪ್ರಸಾರಕರಿಗೆ ಕೇಳುವ ಹಾಗಿದ್ದರೆ ನಾನು ಕೇಳುವುದು ಇಷ್ಟು. ಟಾಸಿನ ಕೆಲಸವನ್ನು ಬೇರೆ ಯಾರಿಗಾದರೂ ಒಪ್ಪಿಸಿ, ಆ ಕೆಲಸಕ್ಕೆ ಹುಡುಗರು ಬೇಕಾದಷ್ಟಿದ್ದಾರೆ. ಟೆಸ್ಟ್ ಪಂದ್ಯದ ಊಟದ ನಂತರದ ಸೆಷನ್‌ನಲ್ಲಿ, ಏನೂ ನಡೆಯುತ್ತಿಲ್ಲ ಎನ್ನಿಸುವ ಹೊತ್ತಿನಲ್ಲಿ ಶಾಸ್ತ್ರಿಯನ್ನು ಕೂರಿಸಿ. ಪಕ್ಕದಲ್ಲಿ ಹೌದೌದು ಎನ್ನುವವರನ್ನು ಬಿಟ್ಟು, ಅಡ್ಡ ಪ್ರಶ್ನೆ ಹಾಕುವ ಇಂಗ್ಲೆಂಡಿನ ಹುಸೇನ್‌ರನ್ನೋ ಆತರ್ಟನ್‌ರನ್ನೋ ಕೂರಿಸಿ. ಜಡೇಜ ಬೌಲ್ ಮಾಡುತ್ತಿರಲಿ. ಕ್ರೀಸಿನ ಅಂಚಿಗೆ ಸರಿದು ಎಸೆದರೆ ಚೆಂಡು ಯಾವ ಕೋನದಲ್ಲಿ ಬರುತ್ತದೆ, ಅದಕ್ಕೆ ಸಿಲ್ಲಿ ಪಾಯಿಂಟ್ ಏಕೆ ಬೇಕು, ಬ್ಯಾಟ್ಸ್‌ಮನ್ನಿನ ಮುಂದಿನ ಕಾಲು ಏಕೆ ತಡವಾಗುತ್ತಿದೆ ಎಂಬುದನ್ನು ಹತ್ತನೇ ಕ್ರಮಾಂಕದಿಂದ ಒಂದನೇ ಕ್ರಮಾಂಕದವರೆಗೆ ನಡೆದ ಮಾಜಿ ಎಡಗೈ ಸ್ಪಿನ್ನರ್ ಸಾಧಾರಣ ದನಿಯಲ್ಲಿ ಹೇಳಲಿ. ಅರ್ಧ ಗಂಟೆ ಕೊಟ್ಟರೂ ಸಾಕು.