ಭೂಕಂಪ ವಲಯನಕ್ಷೆ: ಒಂದು ವಿಮರ್ಶೆ

ಒಂದು ಪ್ರದೇಶದ ನೆಲವು ಎಷ್ಟು ಬಲವಾಗಿ ಕಂಪಿಸೀತೆಂಬುದನ್ನು ಮುಂಚಿತವಾಗಿ ಅಂದಾಜು ಮಾಡಿ ಕಟ್ಟಡ ಕಟ್ಟುವವರಿಗೆ ತಿಳಿಸುವುದೇ ಭೂಕಂಪ ವಲಯನಕ್ಷೆಯ ಉದ್ದೇಶ. ನಮ್ಮ ದೇಶದ ನಕ್ಷೆಗಳು ಈ ಉದ್ದೇಶವನ್ನು ಎಷ್ಟರಮಟ್ಟಿಗೆ ಸಾಧಿಸಿವೆಯೆಂಬುದು ಪ್ರಕೃತ ಲೇಖನದ ವಿಷಯ.

1962ರ ನಕ್ಷೆ ದಕ್ಷಿಣ ಪರ್ಯಾಯದ್ವೀಪದ ಬಹುಭಾಗವನ್ನು ಸೊನ್ನೆಯ ವಲಯದಲ್ಲಿರಿಸಿತ್ತು. 1967ರ ಡಿಸೆಂಬರ್ 11ರಂದು ಕೊಯ್ನಾ ಕಂಪಿಸಿತು. 1970ರಲ್ಲಿ ಸೊನ್ನೆಯ ವಲಯ ಇಲ್ಲವಾಯಿತು. 1993ರ ಸೆಪ್ಟೆಂಬರ್ 30ರಂದು, ಎಲ್ಲಕ್ಕಿಂತ ಕಡಿಮೆ ಅಪಾಯದ ಒಂದನೆಯ ವಲಯದಲ್ಲಿದ್ದ ಕಿಲ್ಲಾರಿ ಪ್ರದೇಶದಲ್ಲಿ ಸಾವಿರಾರು ಜನ ಮಡಿದರು. 2002ರಲ್ಲಿ ಆ ವಲಯವೂ ಎರಡನೆಯದರಲ್ಲಿ ಸೇರಿಹೋಯಿತು. ನಕ್ಷೆಯು ಕಂಪಕ್ಕೆ ಮುಂದಾಗಿ ನಡೆಯದೆ ಅದರ ಹಿಂದೆ ನಡೆಯಿತೆಂದು ಹೇಳದೆ ವಿಧಿಯಿಲ್ಲ.

ಆದರೆ ವಿಮರ್ಶೆಯೂ ಎಚ್ಚರದಿಂದಿರಬೇಕು. ಕೊಯ್ನಾ ಅಣೆಕಟ್ಟೆಯನ್ನು 0.05 ಎಂಬ ಭೂಕಂಪ ಗುಣಕಕ್ಕೆ ರಚಿಸಲಾಗಿತ್ತು. ಅದರೊಳಗಿನ ಮಾಪಕವು ಗುರುತ್ವ ವೇಗೋತ್ಕರ್ಷದ 0.63ರಷ್ಟನ್ನು ದಾಖಲಿಸಿತು. ಅಂದಾಜು 12 ಪಟ್ಟು ತಪ್ಪಿತೆಂದು ತೀರ್ಪು ಕೊಡುವುದು ಸುಲಭ, ಆದರೆ ಸಾಧುವಲ್ಲ. ಮೊದಲನೆಯದು ಸ್ಥಿರಬಲವೆಂದು ಭಾವಿಸಿ ಬಳಸಿದ ಗುಣಕ. ಎರಡನೆಯದು ಕ್ಷಣಮಾತ್ರದ ಗರಿಷ್ಠ ಮೌಲ್ಯ. ಕಟ್ಟೆ ನಿಂತಿತು, ಆದರೆ ಮೇಲ್ಭಾಗದಲ್ಲಿ ಬಿರುಕುಬಿಟ್ಟಿತು. ಅಂದಾಜು ಸಾಲದೆಹೋಯಿತೆಂಬುದಕ್ಕೆ ಆ ಬಿರುಕುಗಳೇ ಸಾಕ್ಷಿ.

ನಕ್ಷೆಯ ನಿಜವಾದ ದೋಷ ಬೇರೆಡೆಯಲ್ಲಿದೆ. 2002ರ ನಕ್ಷೆ ಎರಡನೆಯ ವಲಯಕ್ಕೆಲ್ಲ 0.10 ಎಂಬ ಒಂದೇ ಸಂಖ್ಯೆಯನ್ನು ಕೊಟ್ಟಿತು. ಆ ಮಟ್ಟವನ್ನು ಮೀರುವ ಕಂಪನ ಎಷ್ಟು ವರ್ಷಗಳಲ್ಲಿ ಎಷ್ಟು ಸಂಭವನೀಯವೆಂಬುದನ್ನು ಹೇಳಲಿಲ್ಲ. ಈ ಪ್ರಶ್ನೆಗೆ ಉತ್ತರಿಸುವ ಗಣಿತಮಾರ್ಗವನ್ನು ಕಾರ್ನೆಲ್ ಅವರು 1968ರಲ್ಲಿಯೇ ತೋರಿಸಿದ್ದರು. ಕಂಪಮೂಲಗಳು, ಅವುಗಳ ಆವರ್ತನೆ, ದೂರದೊಡನೆ ಕಂಪನ ಕುಗ್ಗುವ ರೀತಿ ಇವನ್ನು ಕೂಡಿಸಿ, 50 ವರ್ಷಗಳಲ್ಲಿ ಮೀರುವ ಸಂಭವ ಶೇಕಡ 10ರಷ್ಟಿರುವ ಮಟ್ಟವನ್ನು ಗಣಿಸುವುದು ಈಗ ರೂಢಿಯಾಗಿದೆ.

ಈ ವಿಧಾನವೂ ನಿರ್ದುಷ್ಟವಲ್ಲ. ದಕ್ಷಿಣದಲ್ಲಿ ಪ್ರಬಲ ಕಂಪನದ ದಾಖಲೆಗಳು ವಿರಳ. ಆದುದರಿಂದಲೇ ರಘುಕಾಂತ್ ಮತ್ತು ಅಯ್ಯಂಗಾರ್ ಅವರು 2007ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಕ್ಷೀಣತೆಯ ಸೂತ್ರಗಳಿಗೆ ದಾಖಲೆಗಳ ಬದಲು ಭೂಕಂಪದ ಗಣಿತ ಪ್ರತಿರೂಪಗಳನ್ನೇ ಮುಖ್ಯವಾಗಿ ಆಶ್ರಯಿಸಬೇಕಾಯಿತು. ಕಾಣದ ಮೂಲವನ್ನು ಯಾವ ಸೂತ್ರವೂ ಲೆಕ್ಕಕ್ಕೆ ತಾರದು. ಕಿಲ್ಲಾರಿಯ ಪಾಠ ಇದೇ.

ಹೀಗಿರುವಾಗ ಒಂದೇ ಅಂಕಿಯನ್ನು ನಿಶ್ಚಯವೆಂಬಂತೆ ಮುದ್ರಿಸುವುದು ಶಾಸ್ತ್ರಕ್ಕೆ ಒಪ್ಪುವುದಿಲ್ಲ. ಅಂದಾಜಿನೊಡನೆ ಅದರ ಸಂದೇಹದ ವ್ಯಾಪ್ತಿಯನ್ನೂ ನಮೂದಿಸಬೇಕು. ವಲಯದ ಹೆಸರನ್ನು ಕಂಠಪಾಠ ಮಾಡುವ ನಮ್ಮ ವಿದ್ಯಾರ್ಥಿಗಳಿಗೆ, ಆ ವ್ಯಾಪ್ತಿಯನ್ನು ಕೇಳುವ ಅಭ್ಯಾಸವನ್ನು ಮೊದಲು ಕಲಿಸಬೇಕೆಂಬುದು ನಮ್ಮ ಅಭಿಪ್ರಾಯ.